ಮಾತೇ ಆಡದ ನಾಯಕಿ

ಮೊದಲೇ ಹೇಳಿಬಿಡುತ್ತೇನೆ, ಇದು ನಡೆದ ಸಂಗತಿ. ಓದುವಾಗ ಎಲ್ಲಾದರೂ ಒಂದು ಸುಳ್ಳು ಸಿಕ್ಕರೆ ಅದನ್ನು ನೀವೇ ಇಟ್ಟುಕೊಳ್ಳಿ, ನನಗೆ ವಾಪಸು ಬೇಡ. ನನ್ನ ಹತ್ತಿರ ಆಗಲೇ ಬೇಕಾದಷ್ಟು ದಾಸ್ತಾನಿದೆ.

ನಮ್ಮೂರಿನಲ್ಲಿ ಇಬ್ಬರು ಜಗಳವಾಡಿ ಮಾತು ಬಿಟ್ಟರೆ, ಎಂಟನೆಯ ದಿನಕ್ಕೆ ಒಬ್ಬರ ದನಿ ಇನ್ನೊಬ್ಬರಿಗೆ ಕೇಳಿಸುವುದು ನಿಂತುಹೋಗುತ್ತದೆ. ಪಾತ್ರೆ ಕುಕ್ಕಿದ್ದು ಕೇಳಿಸುತ್ತದೆ, ಬಾಗಿಲು ಬಡಿದದ್ದು ಕೇಳಿಸುತ್ತದೆ, ಮಾತು ಮಾತ್ರ ಇಲ್ಲ. ಮತ್ತೆ ಯಾವಾಗ ಬರುತ್ತದೆ ಎಂದು ಹೇಳಬಲ್ಲವರಿಲ್ಲ. ಕೆಲವರಿಗೆ ವಾರದಲ್ಲಿ ಬಂದಿದೆ, ಕೆಲವರಿಗೆ ಮೊಮ್ಮಗನ ನಾಮಕರಣದ ದಿನ ಬಂದಿದೆ. ನಮಗಿದು ಕರೆಂಟು ಹೋದ ಹಾಗೆ. ಹೋಗುತ್ತದೆ, ಬರುತ್ತದೆ, ಅಷ್ಟರೊಳಗೆ ಬದುಕಿಕೊಳ್ಳಬೇಕು. ಸಂತೆಪೇಟೆಗೆ ಹೋಗುವ ಬಸ್ಸಿನ ಡ್ರೈವರಿಗೂ ಕಂಡಕ್ಟರಿಗೂ ಎರಡು ವರ್ಷದಿಂದ ಬರೀ ಸೀಟಿಯಲ್ಲೇ ಸಂಸಾರ. ಮದುವೆಮನೆಯಲ್ಲಿ ಪಂಕ್ತಿ ಹಾಕುವಾಗ ಯಾರ ಪಕ್ಕ ಯಾರನ್ನು ಕೂರಿಸಿದರೆ ‘ಇನ್ನೊಂದು ಹೋಳಿಗೆ’ ಎಂದದ್ದು ಕೇಳಿಸೀತು ಎಂದು ಲೆಕ್ಕ ಹಾಕಲಿಕ್ಕೇ ಒಬ್ಬ ಹಿರಿಯರಿರುತ್ತಾರೆ.

ಬರೆದು ತಿಳಿಸಬಹುದಲ್ಲ ಎನ್ನುತ್ತೀರಿ. ಬರೆಯಬಹುದು. ಆದರೆ ಇಲ್ಲಿ ಮೊದಲು ಚೀಟಿ ಬರೆದವರು ಸೋತ ಹಾಗೆ. ಬೇಕಾದರೆ ಹತ್ತು ವರ್ಷ ಕೈಸನ್ನೆ ಮಾಡುತ್ತಾರೆ, ಪೆನ್ಸಿಲ್ ಮಾತ್ರ ಮುಟ್ಟುವುದಿಲ್ಲ. ಮಾತು ಬಿಟ್ಟವರ ಮನೆಯಲ್ಲಿ ದಿನಸಿ ಪಟ್ಟಿಯನ್ನು ಕೂಡ ಪಕ್ಕದ ಮನೆಯವರೇ ಬರೆದುಕೊಡಬೇಕು.

ಹೀಗಾಗಿ ನನ್ನಂಥವನಿಗೆ ಅನ್ನ. ನಾನು ಬಿ.ಎ. ಮುಗಿಸಿದಾಗ ನನ್ನ ಕೈಯಲ್ಲಿ ಪದವಿಯಿತ್ತು, ಬಾಯಲ್ಲಿ ಪದವಿತ್ತು. ಪದವಿಗೆ ಕೆಲಸ ಸಿಗಲಿಲ್ಲ, ಪದಕ್ಕೆ ಸಿಕ್ಕಿತು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿ, ಮೂರು ದಿನ ಕಾಲೇಜನ್ನೇ ಮುಚ್ಚಿಸಿದ ಹೆಸರು ನನ್ನದು. ಊರಿಗೆ ಬಂದವನೇ ದನಿಗಾರನಾದೆ. ಗಂಡನ ಮಾತನ್ನು ಗಂಡನ ದನಿಯಲ್ಲೇ ಹೆಂಡತಿಗೆ, ಅಣ್ಣನದನ್ನು ಅಣ್ಣನ ದನಿಯಲ್ಲೇ ತಮ್ಮನಿಗೆ ಮುಟ್ಟಿಸುವುದು ನನ್ನ ಕೆಲಸ. ನನಗಿಂತ ಮೊದಲಿದ್ದ ದನಿಗಾರರು ಎಲ್ಲರ ಮಾತನ್ನೂ ತಮ್ಮ ಒಂದೇ ಗೊಗ್ಗರು ದನಿಯಲ್ಲಿ ಹೇಳುತ್ತಿದ್ದರಂತೆ. ಅದರಲ್ಲಿ ಸಂದೇಶ ಇರುತ್ತಿತ್ತು, ಸಂಸಾರ ಇರುತ್ತಿರಲಿಲ್ಲ.

ನನ್ನ ದಿನದ ಮೊದಲ ಬಾಗಿಲು ದರ್ಜಿ ಕೋದಂಡಯ್ಯನವರ ಅಂಗಡಿ. ಅವರು ಕತ್ತರಿಸುತ್ತಾರೆ, ಹೆಂಡತಿ ಅಂಬುಜಾಕ್ಷಿ ಹೊಲಿಯುತ್ತಾರೆ. ಒಂದೇ ಅಂಗಡಿ, ಎದುರುಬದುರು ಎರಡು ಮೇಜು, ನಾಲ್ಕು ವರ್ಷದಿಂದ ಒಬ್ಬರ ಮಾತು ಒಬ್ಬರಿಗೆ ಕೇಳಿಸಿಲ್ಲ. ಆದದ್ದು ಇಷ್ಟೆ. ಒಂದು ಮದುವೆಯ ರವಿಕೆಗೆ ಅಂಬುಜಕ್ಕ ತಾವೇ ಒಂದು ಹೊಸ ಕೊರಳ ನಮೂನೆ ಯೋಚಿಸಿ ಕತ್ತರಿಸಿದ್ದರು. ಗಿರಾಕಿಗಳ ಎದುರಿಗೇ ಕೋದಂಡಯ್ಯನವರು, ‘ಹೊಲಿಯೋದು ನಿನ್ ಕೆಲಸ, ಯೋಚ್ನೆ ಮಾಡೋದು ನನ್ ಕೆಲಸ’ ಎಂದುಬಿಟ್ಟರು. ಅಂಬುಜಕ್ಕ ಕತ್ತರಿ ಕೆಳಗಿಟ್ಟರು. ಜೊತೆಗೇ ಮಾತನ್ನೂ.

ಬೆಳಿಗ್ಗೆ ಹತ್ತಕ್ಕೆ ನಾನು ಹೋಗಿ ಎರಡು ಮೇಜಿನ ನಡುವೆ ಸ್ಟೂಲು ಹಾಕಿಕೊಂಡು ಕೂರುತ್ತೇನೆ.

‘ಪದ್ದು, ಆ ನೀಲಿ ದಾರದ ಉಂಡೆ ಎಲ್ಲಿಟ್ಲು ಕೇಳು’ ಎನ್ನುತ್ತಾರೆ ಅವರು.

ನಾನು ಗಂಟಲು ಸರಿಮಾಡಿಕೊಂಡು, ಕೋದಂಡಯ್ಯನವರ ಹಾಗೆಯೇ ಮೂಗಿನಿಂದ ಶುರುಮಾಡಿ ಎದೆಗೆ ಇಳಿಸಿ, ‘ಅಂಬುಜಾ, ಆ ನೀಲಿ ದಾರದ ಉಂಡೆ ಎಲ್ಲಿಟ್ಟೆಯಮ್ಮ?’ ಎನ್ನುತ್ತೇನೆ.

‘ಅಮ್ಮ ಅಂತ ಅವ್ರು ಅಂದಿರಲ್ಲ, ಅದು ನಿಂದು’ ಎನ್ನುತ್ತಾರೆ ಅಂಬುಜಕ್ಕ. ‘ಅವ್ರ ಎಡಗಾಲಿನ ಕೆಳಗೇ ಇದೆ ಅಂತ ಹೇಳು. ತುಳೀತಾ ಇದಾರೆ.’

ನಾನು ಅಂಬುಜಕ್ಕನ ಹಾಗೆ ಮಾತಿನ ಕೊನೆಯನ್ನು ಸ್ವಲ್ಪ ಮೇಲೆತ್ತಿ, ‘ರೀ, ನಿಮ್ಮ ಪಾದದ ಹತ್ರನೇ ಇದೆ ನೋಡ್ರಿ’ ಎಂದು ಒಪ್ಪಿಸುತ್ತೇನೆ. ದಾರಿಯಲ್ಲಿ ಇಷ್ಟು ಬೆಲ್ಲ ಸೇರಿಸುವ ಅಭ್ಯಾಸ ನನಗಿತ್ತು. ಒಮ್ಮೆ ಹಬ್ಬದ ದಿನ ಸ್ವಲ್ಪ ಜಾಸ್ತಿ ಸೇರಿಸಿ, ಕೋದಂಡಯ್ಯನವರ ದನಿಯಲ್ಲಿ ‘ಈ ಸೀರೆ ನಿನಗೆ ಒಪ್ಪುತ್ತೆ ಕಣೆ’ ಎಂದುಬಿಟ್ಟೆ. ಅಂಬುಜಕ್ಕ ನನ್ನ ಮೇಲೆ ಅಳತೆ ಟೇಪು ಎಸೆದರು. ಆದರೆ ಆ ಸೀರೆಯನ್ನು ಸಂಜೆಯವರೆಗೂ ಬಿಚ್ಚಲಿಲ್ಲ.

ಕೋದಂಡಯ್ಯನವರ ಇನ್ನೊಂದು ವಿಷಯ ಹೇಳಬೇಕು. ಅವರು ಊರಿನ ನಾಟಕ ವಿಮರ್ಶಕರು. ಯಾರೂ ನೇಮಿಸಿದ್ದಲ್ಲ. ಇಪ್ಪತ್ತು ವರ್ಷದ ಹಿಂದೆ ಒಂದು ಪೌರಾಣಿಕ ನಾಟಕದ ರಾಜನ ಅಂಗರಖಾ ಸರಿಯಾಗಿ ಕೂತಿಲ್ಲವೆಂದು ಎರಡು ಪುಟ ಬರೆದರು, ಅಂದಿನಿಂದ ನಿಂತಿಲ್ಲ. ಅಂಗಿಯ ಬಗ್ಗೆ ಒಂದು ಪುಟ, ಭಂಗಿಯ ಬಗ್ಗೆ ಒಂದು ಪುಟ, ಕಥೆಯ ಬಗ್ಗೆ ಜಾಗ ಉಳಿದರೆ ಅರ್ಧ ಪುಟ. ದರ್ಜಿಯ ವಿಮರ್ಶೆ ಅಂತ ನಕ್ಕವರೂ ಅದು ಮೊದಲ ದರ್ಜೆಯದು ಎಂದು ಒಪ್ಪುತ್ತಾರೆ. ನಾಟಕವಾದ ಮರುದಿನ ಬೆಳಿಗ್ಗೆ ಅದೇ ರಂಗದ ಮೇಲೆ ವಿಮರ್ಶೆಯನ್ನು ಓದಿಸಬೇಕು; ಪಾತ್ರಧಾರಿಗಳು ಕೆಳಗೆ ಪ್ರೇಕ್ಷಕರ ಜಾಗದಲ್ಲಿ ಕೂತು ಕೇಳಬೇಕು. ಅದನ್ನು ಕೋದಂಡಯ್ಯನವರೇ ಓದುವಂತಿಲ್ಲ. ಹಿಂದಿನ ವಿಮರ್ಶೆಗೆ ಮುನಿಸಿಕೊಂಡ ನಟ ಯಾರಾದರೂ ಇದ್ದರೆ ಅವನಿಗೆ ಇವರ ದನಿ ಕೇಳಿಸಬೇಕಲ್ಲ? ಅದಕ್ಕೆ ಓದುವವನು ನಾನು, ಅವರದೇ ದನಿಯಲ್ಲಿ. ಹಾಗೆ ನೋಡಿದರೆ ಅವರಿಗೆ ತಮ್ಮ ಕಿವಿಯ ಬಗ್ಗೆ ಬಹಳ ಕಾಳಜಿ. ಯಾರನ್ನು ಎಷ್ಟೇ ಜಾಡಿಸಿದರೂ ಮರುದಿನ ಅವರ ಮನೆಗೇ ಹೋಗಿ ಕಾಫಿ ಕೇಳಿ ಕುಡಿದು ಬರುತ್ತಿದ್ದರು. ‘ಊರಲ್ಲಿ ನಂಗೆ ಕೇಳಿಸದೆ ಇರೋ ದನಿ ಒಂದೇ ಕಣಯ್ಯ’ ಎನ್ನುವರು, ಎದುರು ಮೇಜಿನ ಕಡೆ ನೋಡದೆ.

ಮಾಘಮಾಸದ ಒಂದು ಮಧ್ಯಾಹ್ನ ಕೋದಂಡಯ್ಯನವರು ಬಟ್ಟೆ ತರಲು ಪೇಟೆಗೆ ಹೋಗಿದ್ದಾಗ ಅಂಬುಜಕ್ಕ ಮೆಷಿನ್ನು ನಿಲ್ಲಿಸಿ ನನ್ನನ್ನು ಕರೆದರು.

‘ಪದ್ದು, ನಾನೊಂದು ನಾಟಕ ಬರ್ದಿದೀನಿ.’

‘ಯಾವ ನಾಟಕ ಅಕ್ಕಾ?’

‘ನಮ್ಮೂರಿಂದೇ. ಒಂದೇ ಮನೇಲಿರೋ ಗಂಡ ಹೆಂಡತಿ. ‘ಒಂದೇ ಸೂರು, ಎರಡು ಕೊಡೆ’ ಅಂತ ಹೆಸರು. ಡ್ರಾಯಿಂಗ್ ಮೇಷ್ಟ್ರು ಇಸ್ಮಾಯಿಲ್ ಸಾಬ್ರು ಆಡಿಸ್ತಾ ಇದಾರೆ. ಮುಚ್ಚೋಗಿರೋ ಸೋಡಾ ಫ್ಯಾಕ್ಟರಿ ಷೆಡ್ಡಲ್ಲಿ. ಕಂಪನಿ ಇಲ್ಲ, ಸಂಘ ಇಲ್ಲ, ಯಾರ ಹಂಗೂ ಇಲ್ಲ. ಗಂಡನ ಪಾರ್ಟು ಪೋಸ್ಟ್‌ಮ್ಯಾನ್ ಜವರಯ್ಯಂದು. ಹೆಂಡ್ತಿ ಪಾರ್ಟು ನಂದು.’

ನಾನು ಸ್ಟೂಲಿನಿಂದ ಬೀಳುವುದೊಂದು ಬಾಕಿ. ‘ದಿನಾ ಸಂಜೆ ಅಕ್ಕನ ಮನೆಗೆ ಹೋಗ್ತೀನಿ ಅಂತ ನಿಮ್ಮ ದನೀಲಿ ನಾನೇ ಅವ್ರಿಗೆ ಹೇಳಿದ್ದೀನಲ್ಲ!’

‘ಅದಕ್ಕೇ ಪಾಪದಲ್ಲಿ ನಿಂಗೂ ಅರ್ಧ ಪಾಲಿದೆ. ಈಗ ಪೂರ್ತಿ ಕೇಳು. ಎಲ್ರಿಗೂ ಕಾಗದದ ಮುಖವಾಡ. ಊರಿನ ಸಂಸಾರಗಳ ಕಥೆ ನೋಡು, ನೆಂಟ್ರು ಗುರುತು ಹಿಡಿದ್ರೆ ಕಷ್ಟ ಅಂತ ಸಾಬ್ರೇ ಮಾಡಿದಾರೆ. ನಮ್ಮನೆಯೋರು ವಿಮರ್ಶೆಗೆ ಬರ್ತಾರಲ್ಲ, ನಾನು ಅಂತ ಅವ್ರಿಗೆ ನೀನು ಹೇಳ್ಬಾರ್ದು. ಬರ್ದು ಮುಗಿಸೋ ತನಕ.’

‘ಯಾಕಕ್ಕಾ?’

ಅಂಬುಜಕ್ಕ ಮೆಷಿನ್ನಿನ ಚಕ್ರವನ್ನು ಬೆರಳಲ್ಲಿ ಹಿಂದಕ್ಕೂ ಮುಂದಕ್ಕೂ ಆಡಿಸಿದರು. ‘ಇಪ್ಪತ್ತು ವರ್ಷದಲ್ಲಿ ಎಷ್ಟು ನಟಿಯರ ಬಗ್ಗೆ ಬರ್ದಿದಾರೆ. ಒಬ್ಬಳ ಕೈ ಚೆಂದ, ಒಬ್ಬಳ ನಡಿಗೆ ಚೆಂದ. ನಾನು ಅಂತ ಗೊತ್ತಿಲ್ದೆ ನನ್ನ ನೋಡಿದ್ರೆ ಏನನ್ಸುತ್ತೆ ಆ ಮನುಷ್ಯಂಗೆ, ಅದೊಂದು ತಿಳ್ಕೋಬೇಕು. ಅದ್ರಲ್ಲೂ ಏನೂ ಇಲ್ಲ ಅಂದ್ರೆ ಸೋಮವಾರ ಈ ಮೆಷಿನ್ನು ಗಾಡಿಗೆ ಹೇರ್ಕೊಂಡು ನಮ್ಮ ತವರೂರಿಗೆ ಹೊರಟೆ. ಅಲ್ಲಿ ಒಂದು ಕೋಣೆ ಖಾಲಿ ಇದೆಯಂತೆ. ಗಾಡಿಯೋನಿಗೆ ಹೇಳೂ ಆಗಿದೆ.’

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.  ನನ್ನ ಜೀವನದಲ್ಲಿ ಹಾಗಾದದ್ದು ಬಹಳ ಕಡಿಮೆ.

ನಾಟಕ ಶನಿವಾರ ಸಂಜೆ ಐದಕ್ಕೆ. ಷೆಡ್ಡು ತುಂಬಿತ್ತು. ಸೋಡಾ ಬಾಟಲಿಯ ಕ್ರೇಟುಗಳೇ ಕುರ್ಚಿ. ಕೋದಂಡಯ್ಯನವರು ಇಸ್ತ್ರಿ ಮಾಡಿದ ಜುಬ್ಬದಲ್ಲಿ, ಮೊಣಕಾಲ ಮೇಲೆ ನೋಟುಬುಕ್ಕು ಇಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತರು. ಪಕ್ಕದಲ್ಲಿ ನಾನು. ಪರದೆ ಸರಿಯಿತು. ರಂಗದ ಮೇಲೆ ಒಂದು ಮಂಚ, ಒಂದು ಒಲೆ, ಮೊಳೆಗೆ ತಗುಲಿಸಿದ ಎರಡು ಕೊಡೆ. ಮುಖ ಪೂರ್ತಿ ಮುಚ್ಚುವ ಮುಖವಾಡ ತೊಟ್ಟ ಗಂಡ ಬಂದ, ಹೆಂಡತಿ ಬಂದಳು. ಹೆಂಡತಿ ಮೊದಲ ಮಾತನ್ನಾಡಿದಳು: ‘ಊಟಕ್ಕೆ ಬನ್ನಿ ಅಂತ ಮೂರು ಸಲ ಕರೆದೆ, ನಾಲ್ಕನೇ ಸಲ ಬೆಕ್ಕು ಬಂತು.’ ಷೆಡ್ಡು ಗೊಳ್ಳೆಂದಿತು.

ಕೋದಂಡಯ್ಯನವರು ಸುತ್ತ ನೋಡಿದರು. ‘ಯಾಕಯ್ಯ ನಗ್ತಾರೆ? ಸುಮ್ನೆ ನಿಂತಿದಾಳೆ.’

ನನಗೆ ಆಗ ಹೊಳೆಯಿತು. ಅಂಬುಜಕ್ಕನ ಮಾತು ಅವರಿಗೆ ಕೇಳಿಸುವುದಿಲ್ಲ. ಈ ಒಂದು ವಿಷಯವನ್ನು ನಾನಾಗಲಿ, ನಾಟಕ ಬರೆದ ಅಂಬುಜಕ್ಕನಾಗಲಿ ಯೋಚಿಸಿಯೇ ಇರಲಿಲ್ಲ! ನಾಲ್ಕು ವರ್ಷ ಎದುರುಬದುರು ಕೂತವರು, ಎಲ್ಲರಿಗಿಂತ ಹೆಚ್ಚು ಅದರಲ್ಲೇ ಬದುಕಿದವರು, ಅದನ್ನೇ ಮರೆತಿದ್ದರು. ಮುಖವಾಡದ ಹಿಂದೆ ತುಟಿ ಆಡುವುದೂ ಕಾಣಿಸುತ್ತಿರಲಿಲ್ಲ. ಈಗ ಅವರೇ ತಿಳಿದುಕೊಂಡುಬಿಡುತ್ತಾರೆ ಎಂದುಕೊಂಡೆ. ತಿಳಿಯಲಿಲ್ಲ. ಕೇಳಿಸದ ದನಿ ಒಂದೇ ಎಂದು ದಿನಾ ಹೇಳುವ ಮನುಷ್ಯನಿಗೆ ಎರಡು ಮತ್ತು ಎರಡು ಕೂಡಿಸಲು ಬರಲಿಲ್ಲ. ಗುಂಡಿ ಹಚ್ಚುವ ಹೆಂಡತಿಯನ್ನು ರಂಗದ ಮೇಲೆ ಊಹಿಸಿಕೊಳ್ಳುವ ಶಕ್ತಿ ಅವರಿಗಿರಲಿಲ್ಲ, ಅಷ್ಟೆ. ಆಕೆ ಅವರ ಲೆಕ್ಕದಲ್ಲಿ ಅಕ್ಕನ ಮನೆಯಲ್ಲಿದ್ದರು. ಹಾಗೆಂದು ನಾನೇ ಸಂಜೆ ನಾಲ್ಕಕ್ಕೆ ಹೇಳಿದ್ದೆ.

ಅವರಿಗೆ ನಾಟಕದ ಅರ್ಧ ಭಾಗ ಮಾತ್ರ ಕೇಳಿಸುತ್ತಿತ್ತು. ಜವರಯ್ಯ, ‘ಹೌದಾ?’ ಎನ್ನುತ್ತಿದ್ದ. ತುಸು ಹೊತ್ತು ಬಿಟ್ಟು, ‘ನಾನೆಲ್ಲಿ ಹಾಗಂದೆ?’ ಮತ್ತೆ ತುಸು ಹೊತ್ತು ಬಿಟ್ಟು, ‘ನಿಮ್ಮಪ್ಪನ ವಿಷಯ ಯಾಕೆ ಈಗ?’ ಕೋದಂಡಯ್ಯನವರು ಸರಸರನೆ ಬರೆದುಕೊಳ್ಳುತ್ತಿದ್ದರು. ನನ್ನ ಕಿವಿಯ ಹತ್ತಿರ ಬಗ್ಗಿ, ‘ಅದ್ಭುತ ಕಣಯ್ಯ. ಅವನು ಒಬ್ನೇ ಒದರ್ತಾನೆ, ಅವಳು ಉತ್ರಾನೇ ಕೊಡಲ್ಲ. ಮಾತೇ ಇಲ್ದೆ ಜನರನ್ನ ನಗಿಸ್ತಾಳೆ ನೋಡು. ಎಲ್ಲಿಂದ ಕರ್ಕೊಂಡು ಬಂದ್ರೋ ಇವಳನ್ನ!’ ಎಂದರು.

ಇಲ್ಲಿ ಒಬ್ಬ ಒಳ್ಳೆಯ ಮನುಷ್ಯ ಏನು ಮಾಡುತ್ತಿದ್ದ? ನಿಧಾನವಾಗಿ ಅವರ ಕೈಹಿಡಿದು, ಸಾರ್, ಆಕೆ ಮಾತಾಡುತ್ತಿದ್ದಾರೆ ಎನ್ನುತ್ತಿದ್ದ. ನಾನು, ‘ಹೌದು ಸಾರ್, ಎಂಥ ಸಂಯಮ!’ ಎಂದೆ.

ಕೊನೆಯ ದೃಶ್ಯದಲ್ಲಿ ಗಂಡ ಮಂಚದ ಮೇಲೆ ಮಲಗಿದ್ದ. ಹೆಂಡತಿ ಒಂದು ಕೊಡೆ ಬಿಚ್ಚಿ ಹಿಡಿದು ರಂಗದ ನಡುಮಧ್ಯೆ ನಿಂತಳು. ಒಂಬತ್ತು ನಿಮಿಷ. ಆ ಒಂಬತ್ತು ನಿಮಿಷ ಅಂಬುಜಕ್ಕ, ಮಲಗಿದ ಗಂಡನ ಒಂದೊಂದು ಚಾಳಿಯನ್ನೂ ಎತ್ತಿ ಎತ್ತಿ ಜಾಡಿಸಿದರು. ಜನ ಹೊಟ್ಟೆ ಹಿಡಿದುಕೊಂಡರು, ಕ್ರೇಟುಗಳು ಉರುಳಿದವು, ಸಾಬರು ಪರದೆಯ ಹಗ್ಗ ಹಿಡಿದೇ ನಗುತ್ತ ಕೂತುಬಿಟ್ಟರು. ಕೋದಂಡಯ್ಯನವರು ಮಾತ್ರ ನಗಲಿಲ್ಲ. ಬರೆಯುವುದನ್ನೂ ನಿಲ್ಲಿಸಿದ್ದರು. ಪೆನ್ನನ್ನು ತುಟಿಗೆ ಒತ್ತಿಕೊಂಡು ಆ ಕೊಡೆ ಹಿಡಿದ ಹೆಂಗಸನ್ನೇ ನೋಡುತ್ತಿದ್ದರು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಾಲ್ಕು ಪುಟ ನನ್ನ ಕೈಗೆ ಬಂತು. ‘ಚೆನ್ನಾಗಿ ಓದಯ್ಯ. ಗಂಟ್ಲು ಸರಿ ಇದೆಯಾ?’ ಎಂದರು. ನಾನು ಷೆಡ್ಡಿನ ಹಿಂದೆ ಹೋಗಿ ಒಮ್ಮೆ ಓದಿಕೊಂಡೆ. ಮೊದಲೆರಡು ಪುಟ ಓದುವಾಗ ಗೋಡೆಗೆ ಒರಗಿ ನಕ್ಕೆ. ಮೂರನೆಯ ಪುಟದಲ್ಲಿ ಒಂದು ಸಾಲನ್ನು ಹೊಡೆದುಹಾಕಿದ್ದರು. ಹೊಡೆದ ಗೆರೆ ತೆಳ್ಳಗಿತ್ತು, ಕೆಳಗಿನ ಅಕ್ಷರ ಚೆನ್ನಾಗಿ ಕಾಣುತ್ತಿತ್ತು. ಅದನ್ನು ಓದಿ ನಗು ನಿಂತಿತು. ಎರಡು ಸಲ ಓದಿದೆ. ಆಮೇಲೆ ಮಡಚಿ ಜೇಬಿಗಿಟ್ಟುಕೊಂಡು ಒಳಗೆ ಹೋದೆ.

ಹಿಂದಿನ ದಿನಕ್ಕಿಂತ ಹೆಚ್ಚು ಜನ. ಮುಂದಿನ ಸಾಲಿನಲ್ಲಿ ಪದ್ಧತಿಯಂತೆ ಪಾತ್ರಧಾರಿಗಳು. ಜವರಯ್ಯ ಮುಖವಾಡವನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ನಾಯಕಿ ಮಾತ್ರ ಮುಖವಾಡ ತೆಗೆದಿರಲಿಲ್ಲ. ಕೋದಂಡಯ್ಯನವರು ಜವರಯ್ಯನ ಪಕ್ಕದಲ್ಲಿ, ಕಾಲ ಮೇಲೆ ಕಾಲು ಹಾಕಿ.

ನಾನು ರಂಗವೇರಿ, ಮೂಗಿನಿಂದ ಶುರುಮಾಡಿ ಎದೆಗಿಳಿಸಿ ಓದತೊಡಗಿದೆ.

‘‘ಒಂದೇ ಸೂರು, ಎರಡು ಕೊಡೆ’ ನಾಟಕದ ಕಟಿಂಗು ಹೊಸದು. ಇಡೀ ನಾಟಕದಲ್ಲಿ ನಾಯಕಿ ಒಂದೇ ಒಂದು ಮಾತನ್ನೂ ಆಡುವುದಿಲ್ಲ.’

 ಹಿಂದಿನಿಂದ ಯಾರೋ ‘ಹ್ಹೆ’ ಎಂದರು. ಅದು ಸಾಲಿನಿಂದ ಸಾಲಿಗೆ ಹಬ್ಬಿತು. ನಾಯಕಿಯ ಕೈ ಮುಖವಾಡದ ಗಲ್ಲಕ್ಕೆ ಹೋಯಿತು. ಆಕೆಗೆ ಆಗ ಅರ್ಥವಾಗಿತ್ತು.

‘ಇತ್ತೀಚಿನ ನಟಿಯರು ಬಾಯಿ ತೆರೆದರೆ ಮುಚ್ಚುವುದಿಲ್ಲ. ಅಂಥದ್ದರಲ್ಲಿ ಈಕೆಯ ಮಿತಭಾಷೆ, ಅಲ್ಲಲ್ಲ, ಅಭಾಷೆ, ಇತರರಿಗೆ ಮಾದರಿ.’

ಇಸ್ಮಾಯಿಲ್ ಸಾಬರು ಟೊಪ್ಪಿಯಿಂದ ಬಾಯಿ ಮುಚ್ಚಿಕೊಂಡರು. ಹೆಂಗಸರ ಕಡೆಯಿಂದ ‘ಅಯ್ಯೋ ಶಿವನೇ’ ಎಂದು ಕೇಳಿತು. ನಾನು ಕೋದಂಡಯ್ಯನವರ ಹಾಗೆಯೇ, ನನಗಿಲ್ಲದ ಕನ್ನಡಕವನ್ನು ಮೂಗಿನ ಮೇಲೆ ಏರಿಸಿ ಮುಂದುವರಿಸಿದೆ.

‘ನಾಯಕಿಯ ರವಿಕೆಯ ಬಗ್ಗೆ ಹೇಳಲೇಬೇಕು. ತೋಳಿನ ಜೋಡಣೆಯಲ್ಲಿ ಒಂದು ಸುಕ್ಕಿಲ್ಲ. ಕೊರಳಿನ ನಮೂನೆ ನಾನು ಈವರೆಗೆ ಕಂಡಿಲ್ಲದ್ದು. ಇದನ್ನು ಯೋಚಿಸಿ ಕತ್ತರಿಸಿದ ದರ್ಜಿ ಯಾವ ಊರಿನವನೋ ತಿಳಿಯದು. ವಿಳಾಸ ಸಿಕ್ಕರೆ ಹೋಗಿ ಕಲಿತು ಬರುವ ಆಸೆಯಿದೆ.’

ಇಷ್ಟಾದ ಮೇಲೆ ಜನರನ್ನು ಹಿಡಿಯುವವರಿಲ್ಲ. ಕೋದಂಡಯ್ಯನವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ತಮ್ಮ ಜುಬ್ಬದ ಗುಂಡಿಗಳನ್ನು ಮುಟ್ಟಿ ನೋಡಿಕೊಂಡರು. ವಿಮರ್ಶೆಗೆ ಬೈದವರಿದ್ದಾರೆ, ಅತ್ತವರಿದ್ದಾರೆ, ನಕ್ಕವರು ಇದುವರೆಗೆ ಇರಲಿಲ್ಲ. ಅವರ ಕಿವಿಯ ತುದಿ ಕೆಂಪಾಗುತ್ತ ಬಂತು. ಅದನ್ನು ನೋಡಿ ಮೊದಲ ಸಲ ನನಗೆ ಭಯವಾಯಿತು. ಈ ಮನುಷ್ಯ ಎದ್ದು ಹೋಗಿಬಿಟ್ಟರೆ ನಾಳೆ ಗಾಡಿ ಬರುತ್ತದೆ, ಮೆಷಿನ್ನು ಏರುತ್ತದೆ. ಕಾಗದ ಮಡಚಿಬಿಡಲೇ ಎನ್ನಿಸಿತು. ಆದರೆ ಮೂರನೆಯ ಪುಟ ಇನ್ನೂ ಬಾಕಿಯಿತ್ತು.

‘ಕೊನೆಯ ದೃಶ್ಯದಲ್ಲಿ ಆಕೆ ಕೊಡೆ ಹಿಡಿದು ಒಂಬತ್ತು ನಿಮಿಷ ಸುಮ್ಮನೆ ನಿಲ್ಲುತ್ತಾಳೆ. ಏನೂ ಹೇಳುವುದಿಲ್ಲ. ಹೇಳದೆ ಇದ್ದದ್ದೆಲ್ಲ ನನಗೆ ಕೇಳಿಸಿತು.’

ನಗು ಸ್ವಲ್ಪ ತಗ್ಗಿತು. ನಾನು ಹೊಡೆದುಹಾಕಿದ ಸಾಲಿಗೆ ಬಂದಿದ್ದೆ. ಓದಬಾರದಿತ್ತು. ಓದಿದೆ.

‘ಇಂಥದೇ ಒಂದು ಮೌನ ನನ್ನ ಅಂಗಡಿಯಲ್ಲಿ ನಾಲ್ಕು ವರ್ಷದಿಂದ ನನ್ನೆದುರು ಕೂತು ಹೊಲಿಯುತ್ತಿದೆ. ಅದನ್ನು ನಾನು ಒಂಬತ್ತು ನಿಮಿಷ ಕತ್ತೆತ್ತಿ ನೋಡಿದವನಲ್ಲ. ತಪ್ಪು ಅದರದಲ್ಲ.’



ಕೋದಂಡಯ್ಯನವರು ಧಡಕ್ಕನೆ ಎದ್ದರು. ‘ಅದನ್ನ ಹೊಡೆದುಹಾಕಿದ್ದೆ ಕಣಯ್ಯ! ಕಣ್ಣಿಲ್ವಾ ನಿಂಗೆ? ಮತ್ತೆ ನೀವೆಲ್ಲ ಯಾಕೆ ನಗ್ತಿದ್ರಿ? ನಾನೇನು ತಪ್ಪು ಬರ್ದಿದೀನಿ? ನೀನು ಹೇಳಯ್ಯ ಜವರಯ್ಯ, ಪಕ್ಕದಲ್ಲೇ ಮೂಗು ಹಿಡ್ಕೊಂಡು ಕೂತಿದೀಯಲ್ಲ!’

ಜವರಯ್ಯ ಪಾಪದ ಮನುಷ್ಯ, ಸುಳ್ಳು ಹೇಳಲು ಬಾರದು. ‘ಬುದ್ಧೀ, ಆ ಯಮ್ಮ ಮಾತಾಡಿಲ್ಲ ಅಂದ್ರಲ್ಲ ಅದಕ್ಕೆ. ನಂಗೆ ಬಾಯಿ ತೆಗೆಯಾಕೇ ಬಿಡ್ಲಿಲ್ಲ ಅವ್ರು. ನೂರಾ ಇಪ್ಪತ್ತು ಮಾತು ಅವ್ರದ್ದು. ನಂದು ಮೂವತ್ತೆಂಟು.’

‘ನನಗೊಂದೂ ಕೇಳಿಸ್ಲಿಲ್ಲವಲ್ಲಯ್ಯ.’

‘ಅದೇ ಬುದ್ಧೀ’ ಎಂದ ಜವರಯ್ಯ, ಬಹಳ ಮೆತ್ತಗೆ.

ಕೋದಂಡಯ್ಯನವರು ಮುಖವಾಡದ ನಾಯಕಿಯ ಕಡೆ ತಿರುಗಿದರು. ಊರಲ್ಲಿ ಅವರಿಗೆ ಕೇಳಿಸದ ದನಿ ಎಷ್ಟು ಎಂದು ಅವರು ಎಣಿಸುತ್ತಿರುವುದು ನಮಗೆಲ್ಲ ಕಾಣುತ್ತಿತ್ತು. ಎಣಿಸಲು ಒಂದೇ ಇತ್ತು, ಆದರೂ ತುಂಬ ಹೊತ್ತು ಹಿಡಿಯಿತು. ನಾಯಕಿ ಕಿವಿಯ ಹಿಂದಿನ ದಾರ ಬಿಚ್ಚಿ ಮುಖವಾಡ ಇಳಿಸಿದರು. ಅಂಬುಜಕ್ಕನ ಮುಖ ಬೆವರಿ ಒದ್ದೆಯಾಗಿತ್ತು. ಬರೀ ಬೆವರು ಎಂದು ನಾನು ಪ್ರಮಾಣ ಮಾಡಲಾರೆ.

ಹಿಂದಿನ ಸಾಲಿನ ಅಧಿಕಪ್ರಸಂಗಿ ಒಬ್ಬ ಕೂಗಿದ: ‘ಕೋದಂಡಯ್ಯನೋರೇ, ಮೊದ್ಲು ಬರೆದೋರು ನೀವೇ ಆದ್ರಿ! ಅದೂ ನಾಲ್ಕು ಪುಟ! ಸೋತ್ರಿ!’

ಹೌದಲ್ಲ. ನನಗೇ ಹೊಳೆದಿರಲಿಲ್ಲ. ಊರಿನ ಕಟ್ಟಳೆಯ ಪ್ರಕಾರ ಅದು ಚೀಟಿಯೇ. ಯಾರೂ ನಗಲಿಲ್ಲ, ಕೂಗಿದವನೂ ಕೂತುಕೊಂಡ. ಕೋದಂಡಯ್ಯನವರು ನಡೆದು ಬಂದು ರಂಗದ ಮೆಟ್ಟಿಲು ಹತ್ತಿದರು. ನನ್ನ ಕೈಯಿಂದ ಕಾಗದ ಕಿತ್ತುಕೊಂಡರು. ಹರಿದುಹಾಕುತ್ತಾರೆ ಎಂದುಕೊಂಡೆ. ಮೂರನೆಯ ಪುಟ ತೆಗೆದು ತಾವೇ ಓದಿಕೊಂಡರು, ಯಾರೋ ಬರೆದದ್ದನ್ನು ಓದುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿದರು, ಹೆಂಡತಿಯ ಕಡೆ ಅಲ್ಲ.

‘ಕೇಳು ಅವಳನ್ನ. ಆ ಒಂಬತ್ತು ನಿಮಿಷ ಏನು ಹೇಳ್ತಿದ್ಲು ಅಂತ.’

ನಾನು ಅವರ ದನಿಯಲ್ಲಿ ಕೇಳಿದೆ. ಈ ಸಲ ಬೆಲ್ಲ ಹಾಕಲಿಲ್ಲ.

ಅಂಬುಜಕ್ಕ ಎದ್ದು ನಿಂತರು. ‘ಈ ಜನರ ಮುಂದೆ ಇನ್ನೊಂದ್ಸಲ ಹೇಳ್ಬೇಕಾ? ಆಮೇಲೆ ಮುಖ ಊದಿಸ್ಕೊಂಡ್ರೆ?’

ಅದನ್ನು ದಾಟಿಸಿದೆ. ‘ಹೇಳಲಿ. ವಿಮರ್ಶಕ ನಾನು. ಅರ್ಧ ನಾಟಕ ನೋಡಿ ಬರ್ದಿದೀನಿ. ಮರ್ಯಾದೆ ಏನು ಉಳೀತು?’ ಎಂದರು ಕೋದಂಡಯ್ಯನವರು, ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

ಅದನ್ನೂ ದಾಟಿಸಿದೆ. ಅಂಬುಜಕ್ಕ ಕೊಡೆ ತೆಗೆದುಕೊಂಡು ಮೇಲೆ ಬಂದರು. ಬಿಚ್ಚಿದರು. ಒಂದು ಮಾತು ಅವರದು, ಹಿಂದೆಯೇ ಅದೇ ಮಾತು ನನ್ನ ಬಾಯಿಂದ, ಅವರದೇ ದನಿಯಲ್ಲಿ. ‘ನಮ್ಮನೆಯೋರು ಮದುವೆ ದಿನ ಹಾರ ಹಾಕೋ ಮೊದ್ಲು ಹಾರದ ಉದ್ದ ಅಳೆದೋರು. ಎರಡಿಂಚು ಜಾಸ್ತಿ ಅಂತ ಪುರೋಹಿತರ ಹತ್ರ ಜಗಳ.’ ಜನ ನಕ್ಕರು. ಕೋದಂಡಯ್ಯನವರು ನಗಲಿಲ್ಲ, ಜುಬ್ಬದ ಅಂಚನ್ನು ಬೆರಳಲ್ಲಿ ಸುತ್ತುತ್ತ ನಿಂತರು. ‘ಬಾಯಲ್ಲಿ ಸದಾ ಒಂದು ದಾರದ ತುಂಡು. ದೇವರ ಮುಂದೆ ಮಂತ್ರ ಹೇಳ್ತಾ ಹೇಳ್ತಾ ‘ತೂ’ ಅಂತಾರೆ, ದಾರಕ್ಕೋ ದೇವರಿಗೋ ಗೊತ್ತಾಗಲ್ಲ.’ ಅವರ ಕೆನ್ನೆ ಒಂದಿಷ್ಟು ಅಲುಗಿತು. ‘ಕಾಫಿ ಕೊಟ್ರೆ ಸಕ್ಕರೆ ಕಾಲಿಂಚು ಕಮ್ಮಿ ಅಂತಿದ್ರು. ನಿದ್ದೇಲಿ ಊರಿನವರ ಅಳತೆಯೆಲ್ಲ ಹೇಳ್ತಿದ್ರು, ನಂಗಿನ್ನೂ ಕೇಳಿಸ್ತಿದ್ದಾಗ. ಒಂದ್ಸಲ ಚೇರ್ಮನ್ನರ ಸೊಂಟ ಹೇಳಿ, ‘ಅಯ್ಯೋ’ ಅಂತ ಬೆಚ್ಚಿ ಎದ್ದು ಕೂತ್ರು.’ ಚೇರ್ಮನ್ನರು ಮೂರನೆಯ ಸಾಲಿನಲ್ಲೇ ಇದ್ದರು. ಕೋದಂಡಯ್ಯನವರು ತುಟಿ ಕಚ್ಚಿಕೊಂಡರು.

ಬೆಳಗ್ಗೆಯಿಂದ ಎರಡು ದನಿಗಳಲ್ಲಿ ಓದಿ, ಕೇಳಿ, ನಕ್ಕು ನನ್ನ ಗಂಟಲು ಅಲ್ಲಿಗೆ ಕೈಕೊಟ್ಟಿತು. ಕೆಮ್ಮು ಬಂತು, ನಿಲ್ಲಲಿಲ್ಲ. ಸಾಬರು ನೀರಿನ ಚೊಂಬು ಕೊಟ್ಟರು. ನಾನು ಪಕ್ಕಕ್ಕೆ ಸರಿದು, ತಲೆ ಹಿಂದಕ್ಕೆ ಹಾಕಿ ಗಟಗಟ ಕುಡಿಯುತ್ತಿದ್ದೆ. ಅಂಬುಜಕ್ಕ ಓಟದಲ್ಲಿದ್ದರು, ನನಗಾಗಿ ಕಾಯಲಿಲ್ಲ, ನಿಂತದ್ದನ್ನು ಗಮನಿಸಲೂ ಇಲ್ಲ. ಕೊಡೆಯನ್ನು ಮಡಚಿ ಗದೆಯ ಹಾಗೆ ಹೆಗಲಿಗೇರಿಸಿ, ಗಂಡನ ಹಾಗೆಯೇ ಮೂಗಿನಿಂದ ಶುರುಮಾಡಿ ಎದೆಗಿಳಿಸಿ, ನನಗಿಂತ ಚೆನ್ನಾಗಿ ಹೇಳಿದರು:

‘ನಾಳೆ ಯಮನೇ ಬಂದು ಹೊರಡಯ್ಯ ಅಂದ್ರೂ ಇವ್ರು ಟೇಪು ತೆಗೀತಾರೆ. ‘ತಡೀರಿ ಸ್ವಾಮಿ, ನಿಮ್ಮ ಎಡತೋಳು ಇಳಿದಿದೆ. ಒಂಚೂರು ಕೋಣದಿಂದ ಇಳೀರಿ, ಸರಿ ಮಾಡ್ಕೊಡ್ತೀನಿ. ಬುಧವಾರ ಬನ್ನಿ!’’

ಚೊಂಬು ಇನ್ನೂ ನನ್ನ ಬಾಯಲ್ಲೇ ಇತ್ತು. ನಾನು ಒಂದಕ್ಷರವನ್ನೂ ದಾಟಿಸಿರಲಿಲ್ಲ. ಷೆಡ್ಡಿನವರು ಇನ್ನೂ ಉಸಿರು ಎಳೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಕೋದಂಡಯ್ಯನವರು ನಕ್ಕರು. ಕಾಗದ ಕೈಜಾರಿತು, ಮಂಚದ ಮೇಲೆ ಕುಸಿದು ಕೂತರು, ಹೊಟ್ಟೆ ಹಿಡಿದುಕೊಂಡರು, ‘ಬುಧವಾರ ಬನ್ನಿ’ ಎಂದು ಅಂಬುಜಕ್ಕನ ಮುಖ ನೋಡುತ್ತ ತಾವೇ ಇನ್ನೊಮ್ಮೆ ಅಂದುಕೊಂಡು, ಅಂಬುಜಕ್ಕ ‘ರೀ’ ಎಂದು ಕೊಡೆ ಕೈಬಿಟ್ಟದ್ದನ್ನು ಕಂಡು, ನಾವೆಲ್ಲ ಸೇರಿ ನಕ್ಕದ್ದಕ್ಕಿಂತ ಜೋರಾಗಿ, ಸೋಡಾ ಫ್ಯಾಕ್ಟರಿಯ ತಗಡು ನಡುಗುವ ಹಾಗೆ ನಕ್ಕರು.